ರೇಷ್ಮೆಗೊಂದು ರೆಕ್ಸಿನ್ ಕವಚ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದದ್ದು ಒಂದು ಸೀರೆಗೆ. ನಮ್ಮ ಮದುವೆಯಲ್ಲಿ ನನ್ನ ಅಕ್ಕ ನನ್ನ ಹೆಂಡತಿಗೆ ಕೊಟ್ಟ ಬದನೆ ಬಣ್ಣದ ರೇಷ್ಮೆ ಸೀರೆ ಅದು, ಅಂಗೈ ಅಗಲ ಜರಿ ಅಂಚು. ಪೂಜೆ ಪುನಸ್ಕಾರ ಅಂದರೆ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನ ಬೀರುವಿನ ಮೇಲಿನ ಅಟ್ಟಣೆಯಲ್ಲಿ, ನನ್ನದೇ ಹಳೆ ಪಂಚೆಯನ್ನು ಹೊದ್ದುಕೊಂಡು ಮಹಾರಾಣಿಯ ಹಾಗೆ ಮಲಗಿರುತ್ತಿತ್ತು.

ಮಲಗಿರಲಿ, ನನಗೇನು. ಆದರೆ ಆ ಮಹಾರಾಣಿಗೆ ಆಗಾಗ ಗಾಳಿ ಸೇವನೆ ಆಗಬೇಕು. ಅದೂ ನನ್ನ ರಜೆಯ ದಿನವೇ, ನನ್ನ ಮಂಚದ ಮೇಲೆಯೇ. ಕಣ್ಣು ಹತ್ತಿರುತ್ತಿತ್ತೋ ಇಲ್ಲವೋ, ಹೆಂಡತಿ ಬಂದು ನನ್ನನ್ನು ಎಬ್ಬಿಸಿ, ನಾನು ಮಲಗಿದ್ದ ಜಾಗದಲ್ಲಿ ಸೀರೆಯನ್ನು ಮಲಗಿಸುತ್ತಿದ್ದಳು. ಬಿಸಿಲು ಬೀಳಬಾರದು ಅಂತ ಕಿಟಕಿಗೆ ಪರದೆ. ಆಮೇಲೆ ಹಳೆ ಮಡಿಕೆಯಲ್ಲೇ ಮಡಿಸಿದರೆ ಜರಿ ಸೀಳುತ್ತದೆ ಅಂತ ಮಡಿಕೆ ಬದಲಿಸುವುದು. ಅದಕ್ಕೆ ಇನ್ನೊಂದು ತುದಿ ಹಿಡಿಯುವ ಕೂಲಿ ನಾನು.

“ಸೀರೆಗೂ ಗಾಳಿ ಬೇಕು ಕಣ್ರೀ. ಅದೂ ಉಸಿರಾಡುತ್ತೆ” ಅನ್ನುತ್ತಿದ್ದಳು.

“ಮೂಗೆಲ್ಲಿದೆ ತೋರಿಸು” ಅಂತ ನಾನು.

ನನ್ನ ಕಸುಬನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಗಾಡಿಗಳ ಸೀಟು ಹೊಲಿಯುವವನು. ಐದನೇ ಕ್ಲಾಸಿನಲ್ಲಿ ಮೇಷ್ಟರ ಮೇಲೆ ಸಿಟ್ಟು ಬಂದು ಶಾಲೆ ಬಿಟ್ಟೆ (ಅವರೇ ಓಡಿಸಿದರು ಅಂತ ಅಕ್ಕ ಹೇಳುತ್ತಾಳೆ, ಅವಳ ಮಾತಿಗೆ ಬೆಲೆ ಕೊಡಬೇಡಿ). ಅವತ್ತಿನಿಂದ ಸೂಜಿ, ದಾರ, ಸ್ಪಂಜು, ರೆಕ್ಸಿನ್, ಇವೇ ನನ್ನ ವಿದ್ಯೆ. ಎಂತೆಂಥ ಭಾರೀ ಕುಳಗಳು ನನ್ನ ಹೊಲಿಗೆಯ ಮೇಲೆ ಕೂತು ಊರು ಸುತ್ತಿದ್ದಾರೆ, ಒಂದು ಎಳೆ ದಾರ ಬಿಟ್ಟುಕೊಂಡಿಲ್ಲ. ಇಂಥವನಿಗೆ ಬಟ್ಟೆ ಕಾಪಾಡುವ ಪಾಠ ಹೇಳಿದರೆ ಸಿಟ್ಟು ಬರುವುದಿಲ್ಲವೇ?

ಸಿಟ್ಟಿನ ಜೊತೆಗೆ ಒಂದು ಉಪಾಯವೂ ಬಂತು. ಅಂಗಡಿಯಲ್ಲಿ ಮಿಕ್ಕಿದ್ದ ಒಳ್ಳೆ ದಪ್ಪ ರೆಕ್ಸಿನ್ನಿನಲ್ಲಿ ಸೀರೆಗೆ ಒಂದು ಚೀಲ ಹೊಲಿದೆ. ಡಬಲ್ ಹೊಲಿಗೆ, ಸುತ್ತಲೂ ಕೆಂಪು ಪೈಪಿಂಗು, ಒಳಗೆ ಸ್ಪಂಜಿನ ಮೆತ್ತೆ, ಗಾಳಿ ನುಸುಳದ ಜಿಪ್ಪು. ಬಕೆಟ್ ನೀರಲ್ಲಿ ಮುಳುಗಿಸಿ ತೋರಿಸಿದೆ, ಒಳಗೆ ಒಂದು ಹನಿ ಇಲ್ಲ. ಗಂಡ ಆಸೆಯಿಂದ ಹೊಲಿದು ತಂದಿದ್ದಾನೆ ಅಂತ ಅವಳೂ ಮೆತ್ತಗಾದಳು. ಸೀರೆ ಕವಚಧಾರಿಯಾಗಿ ಬೀರು ಸೇರಿತು. ಆ ಮಳೆಗಾಲವಿಡೀ ರಜೆಯ ದಿನ ನಾನು ಗೊರಕೆ ಹೊಡೆದದ್ದೇ ಹೊಡೆದದ್ದು.

ಅಷ್ಟರಲ್ಲಿ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಭಾವನಿಗೆ ಮಂಡಿ ಮಡಿಸಲು ಆಗದು, ಹಾಗಾಗಿ ಮಣೆಯ ಮೇಲೆ ಕೂತು ಪೂಜೆ ಮಾಡಬೇಕಾದವರು ನಾವು ಗಂಡ ಹೆಂಡತಿ. ಫೋನಿನಲ್ಲಿ ಅಕ್ಕ ಕೇಳಿದ್ದು ಒಂದೇ ಮಾತು, ನಾನು ಕೊಟ್ಟ ಸೀರೆಯನ್ನೇ ನಿನ್ನ ಹೆಂಡತಿ ಉಟ್ಟುಕೊಳ್ಳಲಿ ಅಂತ. ಅಕ್ಕ ಕೇಳುವುದು ಅಂದರೆ ಅಪ್ಪಣೆ. ನನಗಿರುವ ಮುಂಗೋಪ ಅವಳು ಉಂಡು ಮಿಗಿಸಿದ್ದು.

ಹೆಂಡತಿ ಜಿಪ್ಪು ಎಳೆದಳು. ಒಳಗಿಂದ ಬಂದ ವಾಸನೆಯನ್ನು ನನ್ನ ಅಂಗಡಿಗೆ ಬರುವ ಗಿರಾಕಿಗಳು ಹೊಸ ಗಾಡಿಯ ವಾಸನೆ ಅಂತ ಮೆಚ್ಚುತ್ತಾರೆ. ಅವಳು ಮೆಚ್ಚಲಿಲ್ಲ. ಸೀರೆ ಒಳಗೇ ಬೆವೆತು, ಜರಿಯೆಲ್ಲ ಸೈಕಲ್ ಚೈನಿನಂತೆ ಕಪ್ಪಾಗಿತ್ತು. ಬಿಚ್ಚಲು ಹೋದರೆ ಮಡಿಕೆ ಮಡಿಕೆಯಲ್ಲೂ ಹಪ್ಪಳದ ಹಾಗೆ ಸೀಳಿತು. ಕೂಗಾಡೋಣ ಅಂದರೆ ಯಾರ ಮೇಲೆ ಅಂತ ತಿಳಿಯಲಿಲ್ಲ. ರೆಕ್ಸಿನ್ ಮಾರಿದವನನ್ನು ಒಂದಿಷ್ಟು ಬೈದು ಸಮಾಧಾನ ಮಾಡಿಕೊಂಡೆ.

“ಅತ್ತಿಗೆಗೆ ಏನು ಹೇಳ್ತೀರ?” ಅಂದಳು ಹೆಂಡತಿ.

ಅಕ್ಕನಿಗೆ ಹೇಳುವುದಕ್ಕಿಂತ ಇಂಥದ್ದೇ ಇನ್ನೊಂದು ಸೀರೆ ಹುಡುಕುವುದು ಸುಲಭ ಅನ್ನಿಸಿತು. ಸತ್ತ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ರೇಷ್ಮೆ ಅಂಗಡಿಗೆ ಹೋದೆವು. ಮಾರುವವನು ಸಮಾಧಾನದ ಮನುಷ್ಯ. ಪೂಜೆಗೆ ಅಂದ ತಕ್ಷಣ ಕಪ್ಪು ಬೆರೆತದ್ದನ್ನೆಲ್ಲ ಪಕ್ಕಕ್ಕೆ ಸರಿಸಿ, ಬದನೆ ಬಣ್ಣದ್ದೇ ಒಂದು ರಾಶಿ ಹಾಕಿದ. ಆರಿಸುವ ಭಾರ ನಾನು ಹೊತ್ತುಕೊಂಡೆ. ಸೀಟಿನ ಬಟ್ಟೆ ನೋಡುವ ಪದ್ಧತಿಯೇ ಬೇರೆ. ಎರಡು ಮೂಲೆ ಹಿಡಿದು ಜಗ್ಗಬೇಕು, ಉಗುರಿನಲ್ಲಿ ಕೆರೆಯಬೇಕು, ಆಮೇಲೆ ಮಡಿಸಿ ಹಾಕಿ ಮೇಲೆ ಕೂತು ನೋಡಬೇಕು. ಎರಡನೇ ಸೀರೆ ಜಗ್ಗುವ ಹೊತ್ತಿಗೆ ಅವನು ನನ್ನ ಕೈಯಿಂದ ಅದನ್ನು ಎಳೆಮಗುವಿನಂತೆ ಬಿಡಿಸಿಕೊಂಡು, ಸಾರ್ ನೀವು ಕಾಫಿ ಕುಡೀರಿ ಅಂದ. ಕೂತು ನೋಡುವ ಪರೀಕ್ಷೆಯವರೆಗೆ ಹೋಗಗೊಡಲೇ ಇಲ್ಲ.

ಕಾಫಿ ಆರುವುದರೊಳಗೆ ಹೆಂಡತಿ ಆರಿಸಿದ್ದಳು. ಅಂಗಡಿಯ ದೀಪದಲ್ಲಿ ತಗಡೂ ಚಿನ್ನವೇ ಅಂತ ಒಂದೊಂದನ್ನೂ ಬಾಗಿಲಿಗೆ ಒಯ್ದು ಬೆಳಕಿನಲ್ಲಿ ತಿರುಗಿಸಿ ನೋಡಿ, ಅಂಚನ್ನು ಕೆನ್ನೆಗೆ ಒತ್ತಿ ಚುಚ್ಚುತ್ತದೆಯೋ ಅಂತ ನೋಡಿ, ಥೇಟ್ ಹಳೆಯದರ ತಂಗಿಯಂಥ ಸೀರೆ ಹಿಡಿದು ನಿಂತಿದ್ದಳು. ಸೆರಗಿನಲ್ಲಿ ಮಾತ್ರ ಮಾವಿನಕಾಯಿ ಇರಬೇಕಾದ ಕಡೆ ನವಿಲಿತ್ತು. ಸೆರಗು ಸಿಕ್ಕಿಸಿಕೊಂಡರೆ ನವಿಲು ಒಳಗೆ ಹೋಗುತ್ತದೆ ಅಂದಳು. ನಾನು ಉಸಿರು ಬಿಟ್ಟೆ.

ಗೃಹಪ್ರವೇಶದ ದಿನ ನವಿಲನ್ನು ಸೊಂಟದಲ್ಲಿ ಬಂಧಿಸಿ ಅವಳು ನನ್ನ ಪಕ್ಕ ಮಣೆಯ ಮೇಲೆ ಕೂತಳು. ಹೊಸ ಗೋಡೆಯ ಸುಣ್ಣದ ವಾಸನೆ, ಹೋಮದ ಹೊಗೆ, ನೆಂಟರ ಸಂತೆ. ಅಕ್ಕ ಹೂವಿನ ಬುಟ್ಟಿ ಹಿಡಿದು ಬಂದವಳು ನಿಂತಳು. ಬಗ್ಗಿ ಅಂಚನ್ನು ಸವರಿದಳು. ನಾನು ಕೈಯಲ್ಲಿದ್ದ ತುಪ್ಪದ ಸೌಟಿನ ಕಡೆ ತಲೆ ತಗ್ಗಿಸಿದೆ. ಮೆಲ್ಲಗೆ ತಲೆಯೆತ್ತಿ ನೋಡುತ್ತೇನೆ, ಅಕ್ಕನ ಕಣ್ಣಲ್ಲಿ ನೀರು.

“ನೆನ್ನೆ ಮಗ್ಗದಿಂದ ಇಳಿಸಿದ ಹಾಗಿದೆಯಲ್ಲೇ. ಇಷ್ಟು ವರ್ಷ ಹೆಂಗೆ ಇಟ್ಟುಕೊಂಡೆ?”

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಹೊಗಳಿದ್ದಿಲ್ಲ. ಅವಕಾಶ ಮಣೆಯವರೆಗೆ ನಡೆದು ಬಂದಿದೆ.

“ನಾನು ಹೊಲಿದ ಚೀಲ ಅಕ್ಕ. ರೆಕ್ಸಿನ್ ಚೀಲ. ಅದರೊಳಗೆ ಇಟ್ಟಿದ್ದು” ಅಂದೆ.

ಅಕ್ಕ ಅಲ್ಲೇ ನೆಂಟರ ಕಡೆ ತಿರುಗಿ ಡಂಗುರ ಹೊಡೆದಳು. ನನ್ನ ತಮ್ಮ ಚೀಲ ಹೊಲಿಯುತ್ತಾನೆ, ಎಲ್ಲರೂ ನಿಮ್ಮ ನಿಮ್ಮ ರೇಷ್ಮೆ ಸೀರೆ ಅವನ ಕೈಗೆ ಕೊಡಿ. ಚಿಕ್ಕಮ್ಮ ನಂದು ಎರಡು ಅಂದಳು, ಅತ್ತೆ ನಂದು ಮದುವೆಯದ್ದು ಅಂದಳು. ಮೊದಲನೆಯದು ಅಜ್ಜಿಯ ಸೀರೆಗೆ ಆಗಲಿ ಅಂತ ಅಕ್ಕನ ತೀರ್ಮಾನ. ಅಜ್ಜಿಯ ಸೀರೆ ಅಂದರೆ ನಮ್ಮ ಮನೆತನದ ಪ್ರತಿ ಪೂಜೆಯಲ್ಲೂ ದೇವರ ಪಕ್ಕ ಇಡುವ ಸೀರೆ. ಅದು ನನ್ನ ಚೀಲದೊಳಗೆ ಚೈನಿನ ಬಣ್ಣಕ್ಕೆ ತಿರುಗುವುದು ನನ್ನ ಕಣ್ಣ ಮುಂದೆ ಬಂತು. ಪುರೋಹಿತರು ತುಪ್ಪ ಅಂದರು, ನಾನು ಅವರ ಕೈಮೇಲೆ ಹೊಯ್ದೆ. ಹೆಂಡತಿಯ ಕಡೆ ನೋಡಿದೆ, ಕಸಾಯಿಯ ಮುಂದಿನ ಕುರಿ ನೋಡುವ ಹಾಗೆ.

ಅವಳು ಹೊಗೆಗೆ ಕಣ್ಣೊರೆಸಿಕೊಂಡು, ಜೇನಿನಂಥ ದನಿಯಲ್ಲಿ ಶುರುಮಾಡಿದಳು.

“ರೆಕ್ಸಿನ್ ಮಳೆಗಾಲದಲ್ಲಿ ಬೆವರುತ್ತೆ ಅಂತ ಇವರೇ ಕಂಡುಹಿಡಿದರು ಅತ್ತಿಗೆ. ಅದಕ್ಕೇ ಈಗ ಮೆತ್ತನೆ ಹತ್ತಿ ಬಟ್ಟೆದು ಹೊಲೀತಾರೆ. ಚೀಲ ಏನು ಮಹಾ, ಕೈಗುಣ ಇವರದ್ದು. ಮೂರು ತಿಂಗಳಿಗೊಂದು ಸಲ ಇವರೇ ಬಿಚ್ಚಿ, ನೆರಳಲ್ಲಿ ಹರಡಿ, ಮಡಿಕೆ ಬದಲಿಸಿ ಇಡಬೇಕು. ನನ್ನನ್ನ ಮುಟ್ಟೋಕೂ ಬಿಡಲ್ಲ.”

ಅಕ್ಕ ನನ್ನ ತಲೆ ಸವರಿದಳು. ನಿನ್ನೊಳಗೆ ಇಂಥ ಬಂಗಾರದಂಥ ಗಂಡ ಇದಾನೆ ಅಂತ ಗೊತ್ತಿರಲಿಲ್ಲ ಕಣೋ ಅಂದಳು. ಭಾವನ ಕಡೆ ಒಂದು ನೋಟ ಬಿಟ್ಟಳು, ಆ ಮನುಷ್ಯ ಮಂಡಿ ನೀವಿಕೊಳ್ಳುತ್ತಾ ಗೋಡೆ ನೋಡಿದ. ಅಜ್ಜಿಯ ಸೀರೆ ಬಚಾವಾಯಿತು, ನನ್ನ ಮಾನವೂ ಬಚಾವಾಯಿತು. ಬಚಾವಾಗದೇ ಹೋದವನು ನಾನು.

ಈಗ ನಮ್ಮ ಮನೆಗೆ ಬಂದು ನೋಡಿ. ಇಡೀ ಬಳಗದ ರೇಷ್ಮೆ ನಮ್ಮಲ್ಲಿದೆ. ಇವರ ಸರದಿ ಮುಗಿಯುವಷ್ಟರಲ್ಲಿ ಅವರದ್ದು ಬರುತ್ತದೆ. ಮಂಚ, ಮೇಜು, ಕುರ್ಚಿಯ ಬೆನ್ನು, ಎಲ್ಲ ಕಡೆ ಸೀರೆ ಮಲಗಿರುತ್ತದೆ, ನಾನು ನಡುವೆ ತುದಿಗಾಲಲ್ಲಿ ಓಡಾಡುತ್ತೇನೆ. ಮೊನ್ನೆ ತಾಳ್ಮೆ ಕೆಟ್ಟು, ಹೆಂಡತಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

“ಕೂಗಬೇಡಿ, ಎಂಜಲು ಸಿಡಿದರೆ ಮಡಿ ಹೋಗುತ್ತೆ. ಎಲ್ಲ ಪೂಜೆ ಸೀರೆಗಳು. ಅಜ್ಜಿಯದ್ದೂ ಇದೆ” ಅಂದಳು.

ಅವಳು ಸೀರೆಯ ಒಂದು ತುದಿ ಹಿಡಿದು ಕಾಯುತ್ತಿದ್ದಳು. ಇನ್ನೊಂದು ತುದಿ ಹಿಡಿದುಕೊಂಡೆ.