ಮಡಕೆಯ ಕಂಠಕ್ಕೆ ಅಂಟಿದ ಮೀನು

"ಈ ರಜೆಯಲ್ಲಿ ನಮ್ಮ ಹಿತ್ತಲಲ್ಲೇ ಮಕ್ಕಳಿಗೆ ಮಡಕೆ ಶಿಬಿರ! ಗುರು ನಾನೇ!" ಎಂದು ಘೋಷಿಸಿದಾಗ ನಮ್ಮೂರು ಬ್ವಾರಿಯ ಕೋಳಿಗಳೂ ಒಂದು ಕ್ಷಣ ತಲೆಯೆತ್ತಿದವು. ನನ್ನ ಹೆಂಡತಿ ಅಸಾಬೆ ಮಾತ್ರ ಎತ್ತಲಿಲ್ಲ.

"ತಲಾತುವಿನ ಅಪ್ಪಾ, ನಿಮ್ಮ ಕೈಗೆ ಮಣ್ಣು ಹತ್ತಿದ್ದು ಬೈಕಿಂದ ಬಿದ್ದಾಗ ಒಂದೇ ಸಲ ಅಲ್ವಾ?"

"ಏಯ್! ಮಡಕೆ ಮಾಡೋಳ ಹೊಟ್ಟೇಲಿ ಹುಟ್ಟಿದೋನು ನಾನು!"

"ಹುಟ್ಟಿದ್ರೆ ಸಾಕಾ? ನಮ್ಮ ಗ್ಬಾಗಿ ಜನದಲ್ಲಿ ಗಂಡಸ್ರು ಮಡಕೆ ಮಾಡಿದ್ದನ್ನ ಯಾರಾದ್ರೂ ಕಂಡಿದ್ದಾರಾ?"

ಅದು ನನ್ನ ಹಳೆಯ ಗಾಯ. ನಮ್ಮಲ್ಲಿ ಮಡಕೆ ಹೆಂಗಸರ ವಿದ್ಯೆ. ಚಕ್ರಗಿಕ್ರ ಇಲ್ಲ, ಮಡಕೆ ನಿಂತಲ್ಲೇ ನಿಲ್ಲುತ್ತದೆ, ಮಾಡುವವಳೇ ಅದರ ಸುತ್ತ ಹಿಮ್ಮುಖವಾಗಿ ನಡೆಯುತ್ತಾಳೆ. ಚಿಕ್ಕವನಿದ್ದಾಗ ಅವ್ವ ಉಟ್ಟ ಬಟ್ಟೆಯ ತುದಿ ಹಿಡಿದು ನಾನೂ ಸುತ್ತುತ್ತಿದ್ದೆ. ಆ ಹಸಿಮಣ್ಣಿನ ವಾಸನೆ, ಅವ್ವನ ಗುನುಗು... ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ತಲೆಯೂ ಸುತ್ತುತ್ತದೆ! ಕೊನೆಯಲ್ಲಿ ಅವ್ವ ಒಂದು ನುಣುಪುಕಲ್ಲಿನಿಂದ ಮಡಕೆಯ ಮೈ ತಿಕ್ಕುತ್ತಿದ್ದಳು. ಅದು ಅವಳ ಅಜ್ಜಿ ಕೊಟ್ಟ ಕಲ್ಲು. "ನಂಗೆ ಕೊಡವ್ವ" ಎಂದು ಎಷ್ಟು ಗೋಗರೆದೆನೋ! "ಗಂಡು ಹುಡುಗಂಗೆ ಯಾಕೋ ಇದು?" ಎಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಈಗ ಅವ್ವನ ಕೈ ನಡುಗುತ್ತದೆ. "ನಿನ್ನ ಮಗಳ ಮಡಕೆ ಮಿಂಚಿದ್ರೆ ಕಲ್ಲು ಅವಳಿಗೆ. ಇಲ್ದಿದ್ರೆ ನನ್ ಜೊತೆ ಮಣ್ಣಿಗೆ" ಎಂದುಬಿಟ್ಟಿದ್ದಳು. ಒಂಬತ್ತು ವರ್ಷದ ತಲಾತುವಿಗಿಂತ ನನಗೇ ಹೆಚ್ಚು ನಡುಕ!

'ಬೇಸಿಗೆ ಶಿಬಿರ' ಎಂದು ಬೋರ್ಡು ಬರೆದೆ. ಜುಲೈ ಮಳೆ ಅದನ್ನು ಮೂರೇ ದಿನಕ್ಕೆ ತೊಳೆದುಹಾಕಿತು. ಮಳೆಗಾಲದ ಈ ರಜೆಯನ್ನೂ ಪಟ್ಟಣದ ಶಾಲೆಗಳು 'ಬೇಸಿಗೆ ರಜೆ' ಅಂತಲೇ ಕರೆಯುತ್ತವೆ. ಮಳೆಗೇನು ಗೊತ್ತು ಪಾಪ! ಆರು ಮಕ್ಕಳು ಹಿಮ್ಮುಖವಾಗಿ ಸುತ್ತಿ, ಬೆನ್ನಿಗೆ ಬೆನ್ನು ಡಿಕ್ಕಿ ಹೊಡೆದು, ಅಂತೂ ಆರು ಮಡಕೆ ಎದ್ದವು.

ಸುಡುವ ದಿನ ಬಿಸಿಲು ಬಂತು. ಅವ್ವ ಸ್ಟೂಲಿನ ಮೇಲೆ ನ್ಯಾಯಾಧೀಶರಂತೆ ಕುಳಿತಳು. ಕೆಂಡದಿಂದ ತೆಗೆದ ಮಡಕೆಗೆ ಬಿಸಿ ಆರುವ ಮುಂಚೆ ನಮ್ಮ ಕಡೆಯ ಡವಡವ ಎಂಬ ಮರದ ಕಾಯಿಸಿಪ್ಪೆ ಕುದಿಸಿದ ನೀರು ಎರಚಬೇಕು, ಆಗಲೇ ಮಿಂಚು. ಅದೇ ಮರದ ಬೀಜ ಹಾಕಿಯೇ ನಮ್ಮ ಮನೆಯ ಸಾರು. ಜಗಲಿಯಲ್ಲಿ ಎರಡು ಕರಿ ಮಡಕೆ, ಎರಡರಲ್ಲೂ ಕಂದು ನೀರು. ಗುರುವಾದವನು ಮೂಸಿ ನೋಡುವುದುಂಟೇ? ಒಂದನ್ನು ಎತ್ತಿ ತಂದೆ. ಪೊರಕೆ ಅದ್ದಿ ಮಹಾ ಗತ್ತಿನಿಂದ ಎರಚಿದೆ. ಚೊಂಯ್! ಒಂದು, ಎರಡು... ಐದು! ಊರ ನಾಯಿಗಳೆಲ್ಲ ಬೇಲಿಯ ಬಳಿ ಬಂದು ನಿಂತವು. ಕಲೆಗೆ ಸಿಕ್ಕ ಮರ್ಯಾದೆ ಅಂದುಕೊಂಡೆ!

ಆರನೆಯದು ತಲಾತುವಿನದು. ಪೊರಕೆ ಎತ್ತಿದೆ. ಅವಳು ಅಡ್ಡ ನಿಂತಳು.

"ಅಪ್ಪಾ, ತಡಿ! ಆ ಮಡಕೆಗೆ ಮೀನು ಅಂಟಿದೆ!"

"ಎಲ್ಲೇ ಮೀನು?"

"ಕಂಠದ ಹತ್ರ. ತಲೇನೂ ಇದೆ."

ಅಷ್ಟರಲ್ಲಿ ಅಸಾಬೆ ಸೌಟು ಹಿಡಿದು ಓಡಿಬಂದಳು. "ಮಕ್ಕಳ ಊಟದ ಸಾರು ಯಾರ್ರೀ ಎತ್ಕೊಂಡು ಹೋಗಿದ್ದು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು! ಅತ್ತ ತಲಾತುವಿನ ಮಡಕೆ ಆರತೊಡಗಿತ್ತು. ನಾನು ಪೊರಕೆ ಹಿಡಿದು ಗರಬಡಿದವನಂತೆ ನಿಂತಿದ್ದೆ. ಅವಳು ಜಗಲಿಗೆ ಓಡಿದಳು, ಇನ್ನೊಂದು ಮಡಕೆಗೆ ಬೆರಳದ್ದಿ ನಾಲಿಗೆಗೆ ಹಚ್ಚಿದಳು, ಕಹಿಗೆ ಮುಖ ಕಿವುಚಿದಳು. ತಂದು ತಾನೇ ಎರಚಿದಳು. ಮಡಕೆ ಮಿರಮಿರ ಮಿಂಚಿತು.

ಅವ್ವ ಎದ್ದಳು. ಸೊಂಟದಿಂದ ಕಲ್ಲು ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟಳು. "ರುಚಿ ನೋಡಿ ಎರಚಿದ್ಲು. ಇವಳು ಮಡಕೆ ಮಾಡೋಳು ಕಣ್ರೋ! ಉಳಿದ ಐದನ್ನ ಮತ್ತೆ ಬೆಂಕಿಗೆ ಹಾಕಿ, ಸಾರು ಸುಟ್ಟೋಗ್ಲಿ."

ನಾನು ಕಣ್ಣೊರೆಸಿಕೊಂಡೆ. ಅವ್ವ ನನ್ನತ್ತ ತಿರುಗಿದಳು.

"ನೀನೂ ಚಿಕ್ಕಂದಿನಿಂದ ಕೇಳ್ತಾನೇ ಇದ್ದೆ ಅಲ್ವೇನೋ? ಕೈ ಚಾಚು."

ನಲವತ್ತೈದರ ನಾನು ಐದರ ಹುಡುಗನಂತೆ ಕಣ್ಣು ಮುಚ್ಚಿ ಎರಡೂ ಕೈ ಚಾಚಿದೆ. ಕೈಗೆ ಬಿದ್ದದ್ದು ಅಸಾಬೆಯ ಸೌಟು!

"ಮಕ್ಳು ಹಸ್ಕೊಂಡಿವೆ" ಎಂದಳು ಅವ್ವ. "ಹೋಗು ಗುರುವೇ, ಸಾರು ಮಾಡು. ಮೀನು ಮಡಕೆ ಒಳಗೆ ಹಾಕ್ಬೇಕು, ಹೊರಗಲ್ಲ!"