ಕಾರಿಗೆ ಜಡೆ ಹಾಕಿದ ಅಳಿಯ

ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಹನಿ. ಬೆಳಿಗ್ಗೆ ಮಾವನವರ ಕಾರು ಒರೆಸಲು ಬಂದ ಲೈಬ್ರರಿ ಗುಮಾಸ್ತ, ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಅದನ್ನು ಕಂಡ. ಮುಟ್ಟಿದ, ಮೂಸಿದ. ಬ್ರೇಕ್ ಎಣ್ಣೆ! ಒಳಗೆ ಕೂತು ಪೆಡಲ್ ಒತ್ತಿದರೆ ಕಾಲು ನೇರ ಪಾತಾಳಕ್ಕೇ ಇಳಿಯಿತು. ಅವನ ಎದೆ ಧಸಕ್ಕೆಂದಿತು.

ಧಸಕ್ಕೆನ್ನದೆ ಇನ್ನೇನು? ಮಾವನವರು ರಿಟೈರಾದ ಹೆಡ್‌ಮಾಸ್ಟರು. ಹದಿನೈದು ದಿನದ ಪ್ರವಾಸಕ್ಕೆ ಹೊರಡುವಾಗ ಕೀ ಕೈಗಿಟ್ಟು, "ಅಳಿಯಂದ್ರೇ, ನಾನು ಬರೋವರೆಗೆ ಒಂದು ಗೀರೂ ಬೀಳಬಾರದು. ಹಾಗೆ ನೋಡ್ಕೊಂಡ್ರೆ ಕಾರಿನ ವಿಷಯ ಆಮೇಲೆ ಮಾತಾಡೋಣ" ಎಂದಿದ್ದರು. ಮಾತಾಡೋಣ ಎಂದರೆ ಕೊಡೋಣ ಎಂದೇ ಅರ್ಥ ಅಂತ ಗಂಡ ಹೆಂಡತಿ ಇಬ್ಬರೂ ಅವತ್ತಿನಿಂದ ಮನಸ್ಸಿನಲ್ಲೇ ಮಂಡಿಗೆ ಮೆಲ್ಲುತ್ತಿದ್ದರು. ಇವತ್ತು ಸಂಜೆ ಐದರ ರೈಲಿಗೆ ಮಾವ ಬರುವವರಿದ್ದರು.

ಗ್ಯಾರೇಜಿನವನು ನಾಲ್ಕು ದಿನ ಬಿಟ್ಟು ಬನ್ನಿ ಎಂದ. ಬಿಡಿಭಾಗದ ಅಂಗಡಿಯವನು ನಕ್ಕ.

"ಈ ಗಾಡಿಯ ಕಬ್ಬಿಣದ ಪೈಪು ಬರೋದು ನಿಂತು ಯಾವ ಕಾಲ ಆಯ್ತು ಸಾರ್! ಈ ಹೆಣೆದ ಹೋಸ್ ತಗೊಳ್ಳಿ. ಮೇಲೆಲ್ಲ ಸ್ಟೀಲ್ ತಂತಿ. ತುಕ್ಕು ಹಿಡಿಯಲ್ಲ, ಉಬ್ಬಲ್ಲ. ಒತ್ತಿದ್ರೆ ಗಾಡಿ ಅಲ್ಲೇ ನಿಲ್ಲಬೇಕು. ಕ್ಲಚ್ಚಿಗೂ ಒಂದು ಹಾಕ್ಬಿಡಿ, ಆ ಪೈಪೂ ಇವತ್ತೋ ನಾಳೆಯೋ ಅಂತಿರುತ್ತೆ."

ಸರಿ, ಗುಮಾಸ್ತ ಪುಸ್ತಕ ಜೋಡಿಸಿದ ಧೈರ್ಯದಲ್ಲೇ ಕಾರಿನಡಿಗೆ ನುಗ್ಗಿದ. ಎಷ್ಟೆಂದರೂ ಲೈಬ್ರರಿಯವನು, ಗುರುತು ಹಾಕದೆ ಏನನ್ನೂ ಮುಟ್ಟುವವನಲ್ಲ. ಹೆಂಡತಿಯ ಕೆಂಪು ನೈಲ್ ಪಾಲಿಶ್ ತಂದು ಬ್ರೇಕ್ ಪೈಪುಗಳಿಗೆ ಒಂದೊಂದು ಬೊಟ್ಟು, ಕ್ಲಚ್ ಪೈಪಿಗೆ ಎರಡು ಬೊಟ್ಟು ಇಟ್ಟ. ಆಮೇಲೆ ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸಿ, ಹೆಣೆದ ಹೋಸ್ ಕೈಗೆತ್ತಿಕೊಂಡ.

"ಏನಣ್ಣಾ, ಕಾರಿಗೆ ಜಡೆ ಹಾಕ್ತಿದ್ದೀರಾ?" ಎದುರುಮನೆ ಟೈಲರಮ್ಮ ಕಿಟಕಿಯಿಂದಲೇ ಕೂಗಿದಳು. "ತುದಿಗೊಂದು ರಿಬ್ಬನ್ ಕೊಡ್ಲಾ?"

ಅಷ್ಟರಲ್ಲಿ ಪಕ್ಕದ ಮನೆಯ ಡಿಪೋ ತಾತ ಹಾಜರಾದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನಲ್ಲೂ ಇಂಥದೇ ಕಾರಿತ್ತು, ಇದಕ್ಕಿಂತ ಒಂದು ವರ್ಷ ಹಳೆಯದು.

"ಅಲ್ಲಯ್ಯಾ, ಗಟ್ಟಿ ಕಬ್ಬಿಣ ಕಿತ್ತು ಜಡೆ ಪೈಪು ಹಾಕ್ತಾರೇನಯ್ಯಾ? ಆ ಕಾಲದ ಮಾಲು ಈಗೆಲ್ಲಿ ಸಿಗುತ್ತೆ?"

"ತುಕ್ಕು ಹಿಡಿದಿದೆ ತಾತ."

"ತುಕ್ಕು ಮೇಲ್ಮೈಗೆ ಕಣಯ್ಯಾ! ನಂಗೂ ಮೈಮೇಲೆ ಸುಕ್ಕಿದೆ, ಹಾಗಂತ ಬಿಸಾಡ್ತೀಯಾ?"

ತಾತ ಗಂಟೆಗಟ್ಟಲೆ ತಲೆ ತಿಂದ. ಕೊನೆಗೆ, "ಇವನ್ನ ಎಸೀತೀಯಾ? ಹಾಗಾದ್ರೆ ನಂಗೆ ಕೊಡು, ಯಾತಕ್ಕಾದ್ರೂ ಆಗುತ್ತೆ" ಎಂದ.

"ತಗೊಂಡು ಹೋಗಿ, ದಮ್ಮಯ್ಯ!" ಎಂದ ಗುಮಾಸ್ತ. ಪೀಡೆ ಪೈಪಿನ ಸಮೇತ ತೊಲಗಿದ್ದಕ್ಕೆ ಅವನಿಗೆ ಪರಮ ಸಂತೋಷವಾಯಿತು.

ಹೋಸ್‌ಗಳು ಕೂತವು. ಇನ್ನು ಒಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಟ್ಟು ಸಡಿಲಿಸಬೇಕು. ಹೆಂಡತಿ ಫೋನಿನಲ್ಲಿ ಅಕ್ಕನೊಂದಿಗೆ ಮಾತಾಡುತ್ತಲೇ ಬಂದು ಡ್ರೈವರ್ ಸೀಟಿನಲ್ಲಿ ಕೂತಳು.

"ಒತ್ತೇ!"

"ಒತ್ತಿದೀನಿ ರೀ!"

ನಟ್ಟು ತಿರುಗಿಸಿದ. ಒಂದು ಹನಿಯೂ ಇಲ್ಲ. ಇನ್ನಷ್ಟು ತಿರುಗಿಸಿದ. ಊಹೂಂ. ಮೂಗು ಅದಕ್ಕೇ ಆನಿಸಿ ಒಳಗೆ ಇಣುಕಿದ.

"ಅಯ್ಯೋ, ನಾನು ಒತ್ತಿರೋದು ಕ್ಲಚ್ಚು ಅಲ್ವಾ?" ಎನ್ನುತ್ತಾ ಹೆಂಡತಿ ತಪ್ಪು ತಿದ್ದಿಕೊಂಡು ಬ್ರೇಕನ್ನು ಬಲವಾಗಿ ತುಳಿದಳು.

ಗುಮಾಸ್ತನ ಮುಖಕ್ಕೆ ಎಣ್ಣೆಯ ಅಭಿಷೇಕವಾಯಿತು. "ಸತ್ತೇ!" ಎಂದು ಕಿರುಚಿ ಅವನು ಎದ್ದ ರಭಸಕ್ಕೆ ತಲೆ ಮಡ್‌ಗಾರ್ಡಿಗೆ ಬಡಿಯಿತು. ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. ಅವನು ಮಾತ್ರ ಮೊದಲು ಮಡ್‌ಗಾರ್ಡ್ ನೋಡಿದ. ತಲೆ ಊದಿತ್ತು. ಕಾರಿಗೆ ಗೀರು ಬಿದ್ದಿರಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡ.

ನಾಲ್ಕೂವರೆಗೆ ಬೀದಿಯಲ್ಲಿ ಓಡಿಸಿ ನೋಡಿದ. ಕಾಲು ತಾಗಿಸಿದ್ದೇ ತಡ, ಕಾರು ಮೊಳೆ ಹೊಡೆದಂತೆ ನಿಂತಿತು. ಕ್ಲಚ್ಚಂತೂ ಬೆಣ್ಣೆ. ಅವನಿಗೆ ಕಣ್ಣಲ್ಲಿ ನೀರೇ ಬಂತು.

ಸ್ಟೇಷನ್ನಿನಲ್ಲಿ ಡಿಪೋ ತಾತನೂ ತನ್ನ ಕಾರು ತಂದು ನಿಂತಿದ್ದ. "ಹೆಡ್‌ಮಾಸ್ಟ್ರನ್ನ ನೋಡಿ ಬಹಳ ದಿನ ಆಗಿತ್ತು. ನೀವು ಮುಂದೆ ನಡೀರಿ, ನಾನು ಹಿಂದೇನೇ ಬರ್ತೀನಿ."

ಮಾವ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು, ಬಗ್ಗಿ ನೋಡಿದರು, ಬೆರಳಾಡಿಸಿದರು. ಏನೂ ಸಿಗಲಿಲ್ಲ. ಹತ್ತಿ ಕೂತರು. ಅರ್ಧ ದಾರಿಯಲ್ಲಿ ಒಂದು ನಾಯಿ ರಸ್ತೆಗೆ ಹಾರಿತು. ಗುಮಾಸ್ತ ಬ್ರೇಕ್ ಒತ್ತಿದ. ನಾಯಿಯ ಬಾಲಕ್ಕೆ ಒಂದು ಗೇಣು ಈಚೆಗೆ ಕಾರು ನಿಂತಿತು.

"ಭಲೇ ಅಳಿಯಂದ್ರೇ!" ಮಾವನವರ ಬಾಯಿಂದ ಇಂಥ ಮಾತು ಒಂಬತ್ತು ವರ್ಷದಲ್ಲಿ ಇದೇ ಮೊದಲು. "ಏನು ಬ್ರೇಕು, ಏನು ಬ್ರೇಕು! ನಾನು ತೀರ್ಮಾನ ಮಾಡ್ಬಿಟ್ಟೆ. ಇನ್ಮೇಲೆ ಈ ಕಾರು ನಿಮ್..."

ಢಮಾರ್!

ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು. ಇಳಿದು ನೋಡಿದರೆ ಡಿಕ್ಕಿ ಅಪ್ಪಚ್ಚಿಯಾಗಿ ಹಿಂದಿನ ಸೀಟಿನವರೆಗೆ ಬಂದಿತ್ತು. ಹಿಂದಿನ ಕಾರಿನಿಂದ ಡಿಪೋ ತಾತ ಇಳಿದ.

"ಬ್ರೇಕೇ ಹಿಡೀಲಿಲ್ಲ ಸಾರ್! ನಂದು ಸೋರ್ತಿತ್ತು ಅಂತ ಮಧ್ಯಾಹ್ನ ತಾನೇ ಪೈಪು ಬದಲಾಯಿಸಿದ್ದೆ."

ಗುಮಾಸ್ತ ರಸ್ತೆಯಲ್ಲೇ ಅಂಗಾತ ಮಲಗಿ ತಾತನ ಕಾರಿನಡಿ ನೋಡಿದ. ತುಕ್ಕು ಹಿಡಿದ ಪೈಪೊಂದು ಸೀಳಿ ಎಣ್ಣೆ ಸುರಿಯುತ್ತಿತ್ತು. ಪೈಪಿನ ತುದಿಯಲ್ಲಿ ಒಂದು ಕೆಂಪು ಬೊಟ್ಟಿತ್ತು.

"ಪೈಪು ಎಲ್ಲಿಂದ ತಂದಿದ್ರಿ?" ಎಂದರು ಮಾವ.

"ನಾನೆಲ್ಲಿ ತರ್ಲಿ ಸಾರ್? ನಿಮ್ಮ ಅಳಿಯಾನೇ ಕೊಟ್ಟಿದ್ದು. ದಮ್ಮಯ್ಯ ತಗೊಂಡು ಹೋಗಿ ಅಂತ ಕೈ ಮುಗಿದು ಕೊಟ್ಟ!"

ಮಾವ ಅಪ್ಪಚ್ಚಿಯಾದ ಡಿಕ್ಕಿಗೆ ಇನ್ನೊಂದು ಪ್ರದಕ್ಷಿಣೆ ಹಾಕಿದರು. ಗುಮಾಸ್ತ ಎಣ್ಣೆ ಮೆತ್ತಿದ ಅಂಗಿಯಲ್ಲಿ ಎದ್ದು, ಕೊನೆಯ ಆಸೆಯಿಂದ ಕೇಳಿದ.

"ಮಾವ... ಆಗಲೇ ಏನೋ ಹೇಳ್ತಿದ್ರಲ್ಲ? ಇನ್ಮೇಲೆ ಈ ಕಾರು..."

"ಹೌದು," ಎಂದು ಮಾವ ಕೈ ಚಾಚಿದರು. "ಇನ್ಮೇಲೆ ಈ ಕಾರನ್ನ ನೀವು ಮುಟ್ಟಬೇಡಿ. ಕೀ ಕೊಡಿ."