ಏಳೂವರೆಯ ತಟ್ಟೆಯೂ ನನ್ನ ಆಪರೇಷನ್ನೂ

ಮಾನ್ಯ ಶಸ್ತ್ರವೈದ್ಯ ಮಹಾಶಯರೇ,

ಮೂಡುಬಿದಿರೆಯ ಪ್ರಭಾವತಿ, ಪ್ರಾಯ ಎಪ್ಪತ್ತೆಂಟು, ಎಡಸ್ತನದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಇರುವವಳು, ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವು ನನ್ನನ್ನು ಗುರುತಿಸಲಾರಿರಿ. ಮೊನ್ನೆ ತಮ್ಮ ಕೋಣೆಯಲ್ಲಿ ನನ್ನ ಮಗ ಹೇಮಚಂದ್ರನೊಡನೆ ತಾವು ಇಪ್ಪತ್ತು ನಿಮಿಷ ಮಾತಾಡುವಾಗ ಪಕ್ಕದ ಕುರ್ಚಿಯಲ್ಲಿ ಅವನ ಬ್ಯಾಗು ಹಿಡಿದು ಕೂತಿದ್ದ ಹೆಂಗಸು ನಾನೇ.

ತಮ್ಮ ಸೌಜನ್ಯಕ್ಕೆ ಎಣೆಯಿಲ್ಲ. ಗಡ್ಡೆ ಕ್ಯಾನ್ಸರಿನದೆಂದು ತಿಳಿದ ಮೇಲೆ, ನನಗೆ ಗಾಬರಿಯಾಗಬಾರದೆಂದು ತಾವು ನನ್ನ ಮುಖವನ್ನೂ ನೋಡಲಿಲ್ಲ. "ಈ ಪ್ರಾಯದಲ್ಲಿ ಇವರಿಗೆ ಆಪರೇಷನ್ ಯಾಕೆ ಮಾರಾಯ್ರೆ? ತಡೆದುಕೊಳ್ಳುವುದಿಲ್ಲ. ಮಾತ್ರೆಯಲ್ಲೇ ನೋಡುವ" ಎಂದು ಮಗನಿಗೆ ಅಪ್ಪಣೆ ಕೊಡಿಸಿದಿರಿ, ಅವನೂ "ಆಯ್ತು ಡಾಕ್ಟ್ರೇ, ನೀವು ಹೇಳಿದ ಹಾಗೆ" ಎಂದುಬಿಟ್ಟ. ಸಮಾಲೋಚನೆಯೆಲ್ಲ ಅವನ ಜೊತೆಗೇ ನಡೆದಿರುವುದರಿಂದ, ಮಾತ್ರೆಯನ್ನೂ ಅವನೇ ನುಂಗಿ, ಗಡ್ಡೆ ಮಾತ್ರ ನನ್ನದು ಕರಗುವಂತೆ ಏರ್ಪಾಡು ಮಾಡಿದರೆ ದೊಡ್ಡ ಉಪಕಾರವಾದೀತು.

ನಾನು ಅಷ್ಟು ನಿಶ್ಶಕ್ತಳೆಂದು ತಮಗೆ ತಿಳಿದದ್ದು ಹೇಗೆಂದು ಬೆರಗಾಗಿ, ಇಂಗ್ಲಿಷಿನ ಫೈಲನ್ನು ಮೊಮ್ಮಗಳು ತ್ರಿಶಾಳಿಂದ ಓದಿಸಿದೆ. ಪರೀಕ್ಷೆಗಳಿಗೆಂದು ತಮ್ಮ ವಾರ್ಡಿನಲ್ಲಿದ್ದ ಮೂರು ದಿನವೂ "ರಾತ್ರಿಯ ಊಟ ಮುಟ್ಟಿಲ್ಲ, ಹಸಿವಿಲ್ಲ, ತೀರಾ ಬಲಹೀನ" ಎಂದು ಬರೆದಿದೆ. ಊಟದ ತಟ್ಟೆ ಬರುತ್ತಿದ್ದದ್ದು ಏಳೂವರೆಗೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ. ನಮ್ಮೂರಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಾಗಿ ಬರುವುದಿಲ್ಲವಾದ್ದರಿಂದ ನರ್ಸ್ ರುಕಿಯಾ ತಟ್ಟೆ ತಂದಾಗ "ಬೇಡ ಮಗಾ" ಎಂದಷ್ಟೇ ಹೇಳಿದೆ. ಮಧ್ಯಾಹ್ನ ಎರಡನೆಯ ಸಲ ಅನ್ನ ಕೇಳಿ ಹಾಕಿಸಿಕೊಂಡದ್ದು, ಸಂಜೆ ಐದಕ್ಕೆ ಮನೆಯಿಂದ ಬಂದ ನಾಲ್ಕು ದೋಸೆ ಮುಗಿಸಿದ್ದು ಯಾವ ಹಾಳೆಯಲ್ಲೂ ಇಲ್ಲ. ತಪ್ಪು ತಮ್ಮದಲ್ಲ, ಸೂರ್ಯನದು; ಇನ್ನು ಮುಂದೆ ತಮ್ಮ ಅಡುಗೆಮನೆಯ ಅನುಮತಿಯಿಲ್ಲದೆ ಮುಳುಗಬಾರದೆಂದು ಅವನಿಗೊಂದು ನೋಟಿಸು ಕಳುಹಿಸಬೇಕಾಗಿ ಪ್ರಾರ್ಥನೆ.

ನನ್ನ ಬಲದ ವಿಚಾರದಲ್ಲಿ ಬಸ್ ಕಂಡಕ್ಟರುಗಳ ಅಭಿಪ್ರಾಯವನ್ನೂ ಪಡೆಯಬಹುದು. ತಿಂಗಳಿಗೆರಡು ಸಲ ಕೊಕ್ಕಡದ ತಂಗಿ ಮನೆಗೆ ಹೋಗುವಾಗ ಅರ್ಧ ದಾರಿ ನಿಂತೇ ಇರುತ್ತೇನೆ. ಅವರು ಪ್ರಾಯ ಕೇಳುವವರಲ್ಲ, "ಎದುರು ಹೋಗಿ, ಎದುರು ಜಾಗ ಉಂಟು" ಎನ್ನುವವರು.

ತಮಾಷೆ ಸಾಕು. ನನಗೆ ಹೆದರಿಕೆ ಇದೆ. ಅದು ಚೂರಿಯದ್ದಲ್ಲ. ತೆಗೆಯಬಹುದಾಗಿದ್ದ ಗಡ್ಡೆಯನ್ನು ಮೈಯಲ್ಲೇ ಇಟ್ಟುಕೊಂಡು, ದಿನಾ ಸ್ನಾನ ಮಾಡುವಾಗ ಮುಟ್ಟಿ ನೋಡಿಕೊಳ್ಳುತ್ತಾ ಬದುಕಬೇಕಲ್ಲ ಎಂಬ ಹೆದರಿಕೆ. ಸೋಮವಾರ ಬರುತ್ತೇನೆ. ಹೃದಯ, ಶ್ವಾಸ, ರಕ್ತ ಎಲ್ಲವನ್ನೂ ಪರೀಕ್ಷಿಸಿ. ಕೊಯ್ದರೆ ಏನು, ಕೊಯ್ಯದಿದ್ದರೆ ಏನು, ಗಡ್ಡೆ ಮಾತ್ರವೋ ಇಡೀ ಸ್ತನವೋ ಎಂಬುದನ್ನು ನನ್ನ ಮುಖ ನೋಡಿ ಹೇಳಿ. ಅಷ್ಟಾದ ಮೇಲೂ ಮಾತ್ರೆಯೇ ಒಳ್ಳೆಯದೆಂದಾದರೆ ಒಪ್ಪುತ್ತೇನೆ. ಒಪ್ಪುವವಳು ನಾನಾಗಿರಬೇಕು, ಅಷ್ಟೆ.

ತಮ್ಮ ವಿಶ್ವಾಸಿ, ಗಡ್ಡೆಯ ಖುದ್ದು ಮಾಲಕಿ,
ಪ್ರಭಾವತಿ

ವಿ.ಸೂ.: ಆಪರೇಷನ್ ಬೇಡವೆಂಬ ಕಾಗದಕ್ಕೆ ನನ್ನ ಬದಲು ಮಗನ ಸಹಿ ಹಾಕಿಸಿಕೊಂಡಿದ್ದೀರಿ. ಅವನ ಕೈಹಿಡಿದು ಅಕ್ಷರ ತಿದ್ದಿಸಿದವಳು ನಾನೇ. ಸೋಮವಾರ ಹೊಸ ಕಾಗದ ತೆಗೆದಿಡಿ. ಪೆನ್ನು ನಾನು ತರುತ್ತೇನೆ.